ಎರಡಾಣೆ ಕಟ್ಟಿದ ಊರು

ವಕೀಲರು, ವೈದ್ಯರು, ವರ್ತಕರು ಸೇರಿ ಕರಾವಳಿಯನ್ನು ಬ್ಯಾಂಕುಗಳ ತೊಟ್ಟಿಲಾಗಿಸಿದರು. ವಿಲೀನಗಳ ನಂತರ ಮಂಗಳೂರಿಗೆ ಉಳಿದಿರುವ ನಿಜವಾದ ಠೇವಣಿ ಯಾವುದು?

ದೇಶದಲ್ಲಿ 1969ರಲ್ಲಿ 14, 1980ರಲ್ಲಿ 6 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆ ಇಪ್ಪತ್ತರಲ್ಲಿ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. 1924ರ ಫೆಬ್ರವರಿ 18ರಂದು ಮಂಗಳೂರಿನಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕ್ ಮಾತ್ರ ಖಾಸಗಿಯಾಗಿಯೇ ಉಳಿಯಿತು. ಒಂದೇ ಜಿಲ್ಲೆಯಿಂದ ಇಷ್ಟೊಂದು ಬ್ಯಾಂಕು ಹೇಗೆ?

ಇಲ್ಲಿ ಹಣದ ಹೊಳೆ ಹರಿಯುತ್ತಿತ್ತು ಎಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಶುರುವಾಗಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯ ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ದುಡ್ಡು ಕಡಿಮೆಯಿತ್ತು. ಆದರೆ ನಾಲ್ಕು ಅಕ್ಷರ ಕಲಿತವರು, ನಾಲ್ಕು ಕಾಸು ಕಂಡವರು ತಮ್ಮ ಅರಿವನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ.

ಶಾಲೆ ಮೊದಲು, ಫಂಡು ಆಮೇಲೆ

ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನ ವಕೀಲರು. ಅವರು 1891ರಲ್ಲಿ ಕೆನರಾ ಹೈಸ್ಕೂಲ್ ಕಟ್ಟಿದರು. 1894ರಲ್ಲಿ ಹೆಣ್ಣುಮಕ್ಕಳಿಗೂ ಶಾಲೆ ತೆರೆದರು. ಮುಂದೆ ಕೆನರಾ ಬ್ಯಾಂಕ್ ಆದ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಅನ್ನು 1906ರ ಜುಲೈ 1ರಂದು ಆರಂಭಿಸಿದ್ದು ಆಮೇಲೆ. ಈ ಅನುಕ್ರಮವನ್ನು ಗಮನಿಸಬೇಕು. ಓದು ಬಾರದವನ ಕೈಗೆ ಪಾಸ್‌ಬುಕ್ ಕೊಟ್ಟು ಏನು ಪ್ರಯೋಜನ?

ಅದೇ ಕಾಲದಲ್ಲಿ ಪುತ್ತೂರಿನಲ್ಲಿ ಇನ್ನೊಬ್ಬ ವಕೀಲರು, ಮೊಳಹಳ್ಳಿ ಶಿವರಾಯರು, 1909ರಿಂದ ಸಹಕಾರಿ ಸಂಘಗಳ ಕೆಲಸಕ್ಕೆ ಇಳಿದರು. ಮಂಗಳೂರಿನ ಕ್ಯಾಥೊಲಿಕ್ ಸಮುದಾಯದವರು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕ್ ಮಾಡಿಕೊಂಡರು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿ ನಲುಗುತ್ತಿದ್ದ 1931ರಲ್ಲಿ ಎ.ಬಿ. ಶೆಟ್ಟರು ಬಂಟ ಸಮಾಜದ ಹಿರಿಯರೊಂದಿಗೆ ವಿಜಯಾ ಬ್ಯಾಂಕ್ ಸ್ಥಾಪಿಸಿದರು. ಕೃಷಿಕರಲ್ಲಿ ಉಳಿತಾಯದ ರೂಢಿ ಬೆಳೆಸುವುದು ಅದರ ಗುರಿಯಾಗಿತ್ತು.

ಮನೆ ಬಾಗಿಲಿಗೆ ಬಂದ ಬ್ಯಾಂಕು

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿದರು: ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ದಿನಗಳವು. ಅವರಿಗೆ ನೆರವಾಗಲೆಂದು ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರು ಮನೆಗೇ ಬಂದು ಪಡೆದು, ಪುಸ್ತಕದಲ್ಲಿ ಬರೆದು ಹೋಗುವರು.

ಸಂಬಳದವನಿಗೆ ತಿಂಗಳಿಗೊಂದು ದಿನ ದುಡ್ಡು ಕಾಣುತ್ತದೆ. ಮೀನು ಮಾರುವವಳಿಗೆ, ಬೀಡಿ ಕಟ್ಟುವವಳಿಗೆ, ಗೂಡಂಗಡಿಯವನಿಗೆ ಬರುವುದು ದಿನವೂ ಚಿಲ್ಲರೆ. ಸಂಜೆಯೊಳಗೆ ಅದು ಕರಗಿಯೂ ಹೋಗುತ್ತದೆ. ಆ ಚಿಲ್ಲರೆಯನ್ನು ಸಂಜೆಗೂ ಮೊದಲೇ ಕೇಳಿ ಪಡೆಯುವುದೇ ಪಿಗ್ಮಿಯ ಜಾಣ್ಮೆ. ಬಡವರಿಗೆ ಉಳಿಸಲು ಬರುವುದಿಲ್ಲ ಎಂಬ ಮಾತು ಸುಳ್ಳಾಯಿತು. ಅವರಿಗೆ ಬೇಕಾಗಿದ್ದದ್ದು ಅವರ ದುಡಿಮೆಗೆ ಹೊಂದುವ ವ್ಯವಸ್ಥೆ.

ಬ್ಯಾಂಕಿನ ಜತೆಗೆ ವಿದ್ಯೆಗೂ ಕೈಹಾಕಿದ ಅದೇ ಡಾ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭಿಸಿದರು. 1955ರಲ್ಲಿ ಮಂಗಳೂರಿಗೂ ಅದು ವಿಸ್ತರಿಸಿತು.

ಜಾತಿಯ ಅಂಗಳದಿಂದ ಆಚೆ

ಈ ಚರಿತ್ರೆಯನ್ನು ಹೊಗಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಇವುಗಳಲ್ಲಿ ಹಲವು ಸಂಸ್ಥೆಗಳು ಒಂದೊಂದು ಸಮುದಾಯದ ನಂಬಿಕೆಯ ಮೇಲೆ ನಿಂತವು. ಪರಸ್ಪರ ಮುಖ ಗೊತ್ತಿದ್ದವರ ನಡುವೆ ಸಾಲ ಕೊಡುವುದು ಸುಲಭ, ವಸೂಲಿಯೂ ಸುಲಭ. ಆ ಅಂಗಳದ ಹೊರಗೆ ನಿಂತವರ ಪಾಡೇನು? ಕುದ್ಮುಲ್ ರಂಗರಾಯರು 1897ರಲ್ಲೇ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಅದಕ್ಕಾಗಿ ಸ್ವಂತ ಸಮಾಜದ ಬಹಿಷ್ಕಾರವನ್ನೂ ಎದುರಿಸಿದರು. ಅರಿವು ಹಂಚಿಕೊಳ್ಳುವ ಮಾತಿಗೆ ಕಠಿಣ ಪರೀಕ್ಷೆ ಇದೇ.

ಹಂಚಲು ಸಿರಿತನ ಬೇಕೇ ಬೇಕೆಂಬುದನ್ನು ಹರೇಕಳ ಹಾಜಬ್ಬ ಅಲ್ಲಗಳೆದರು. ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು, ಶಾಲೆಯ ಮೆಟ್ಟಿಲು ಹತ್ತದವರು, ಆ ಸಂಪಾದನೆಯಲ್ಲೇ ಉಳಿಸಿ ನ್ಯೂಪಡ್ಪಿನಲ್ಲಿ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಕಲಿಸಿ, ಬೆನ್ನಿಗೆ ನಿಂತು

1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜತೆಗೂಡಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ಯುವಕರಿಗೆ ಊಟ, ವಸತಿಯೊಂದಿಗೆ ಉಚಿತ ತರಬೇತಿ. ಅಲ್ಲಿಗೇ ಮುಗಿಯಲಿಲ್ಲ: ತರಬೇತಿಯ ನಂತರವೂ ಹಿಂಬಾಲಿಸಿ ಸಾಲ, ಉದ್ಯಮ, ಲೆಕ್ಕಗಳಲ್ಲಿ ಕೈಹಿಡಿಯುವುದು ಅದರ ಪದ್ಧತಿ. ದೇಶದ ಜಿಲ್ಲೆಗಳಲ್ಲಿ ಇಂದು ನಡೆಯುತ್ತಿರುವ ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ) ಕೇಂದ್ರಗಳಿಗೆ ಮಾದರಿಯಾದದ್ದು ಇದೇ. ಸಾಲ ಕೊಟ್ಟು ಕೈತೊಳೆದುಕೊಳ್ಳುವುದಕ್ಕೂ ಸಾಲ ತೀರಿಸುವಂತೆ ಬೆಳೆಸುವುದಕ್ಕೂ ಇರುವ ಅಂತರ ಇಲ್ಲಿದೆ.

ಬೋರ್ಡು ಬದಲಾದ ಮೇಲೆ

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಊರಿಗೆ ನೋವಾದದ್ದು ಸಹಜ. ಆದರೆ ಲೆಕ್ಕದ ಪುಸ್ತಕದ ಜತೆ ಲೆಕ್ಕ ಬಲ್ಲವರು ಊರು ಬಿಟ್ಟಿಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರು, ಪಿಗ್ಮಿ ಕಲೆಕ್ಟರು, ಗಲ್ಫಿನಲ್ಲಿ ದುಡಿದು ಬಂದವರು, ಚಾರ್ಟರ್ಡ್ ಅಕೌಂಟೆಂಟ್‌ಗಳು ಇಲ್ಲೇ ಇದ್ದಾರೆ.

ಇವರಿಗೆ ಇಂದು ಕೆಲಸವೂ ಉಂಟು. ಮೊಬೈಲ್ ಆ್ಯಪಿನಲ್ಲಿ ನಿಮಿಷಕ್ಕೆ ಸಿಗುವ ಸಾಲಕ್ಕೆ ಮರುಳಾಗುವ ಹುಡುಗರಿದ್ದಾರೆ. ಒಟಿಪಿ ಹೇಳಿ ಉಳಿತಾಯ ಕಳೆದುಕೊಳ್ಳುವ ಹಿರಿಯರಿದ್ದಾರೆ. ಜಾಮೀನು ಸಹಿಯ ಅರ್ಥ ತಿಳಿಯದೆ ಸಿಕ್ಕಿಕೊಳ್ಳುವವರಿದ್ದಾರೆ. ಸಂಘದ ಸಭೆಯಲ್ಲಿ, ಮಸೀದಿ-ಚರ್ಚು-ದೇವಸ್ಥಾನದ ಅಂಗಳದಲ್ಲಿ, ಶಾಲೆಯ ತರಗತಿಯಲ್ಲಿ ವಾರಕ್ಕೊಂದು ಗಂಟೆ ಕೂತು ಬಡ್ಡಿ, ವಿಮೆ, ಸಾಲಪತ್ರ ಬಿಡಿಸಿ ಹೇಳಿದರೂ ಅದು ದೊಡ್ಡ ದಾನ. ವಿದ್ಯಾರ್ಥಿವೇತನದ ಚೆಕ್ ಕೊಟ್ಟು ಫೋಟೊ ತೆಗೆಸಿಕೊಳ್ಳುವವರು, ಅದನ್ನು ಪಡೆದವನ ಮೊದಲ ಸಂಬಳದ ತನಕ ಜತೆಗಿದ್ದರೆ ಆ ಹಣಕ್ಕೆ ಇಮ್ಮಡಿ ಬೆಲೆ ಬರುತ್ತದೆ.

ಬ್ಯಾಂಕುಗಳನ್ನು ಹೆತ್ತದ್ದು ಈ ಊರಿನ ಹೆಗ್ಗಳಿಕೆ. ಪಕ್ಕದ ಮನೆಯವನಿಗೆ ಲೆಕ್ಕ ಕಲಿಸಿದರಷ್ಟೇ ಅದನ್ನು ಹೇಳಿಕೊಳ್ಳುವ ಹಕ್ಕು ನಮಗೆ.