ಅಂತರ್ಜಾಲದ ಅಂಗಡಿಗೆ ಎರಡು ಲೆಕ್ಕ

ಧಾರವಾಡದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಆ ಮನೆಯ ತಾಯಿ ಮಾಡುವ ಶೇಂಗಾ ಚಟ್ನಿಪುಡಿ ಓಣಿಯಲ್ಲೆಲ್ಲ ಹೆಸರುವಾಸಿ. ಆಗತಾನೆ ಪದವಿ ಮುಗಿಸಿದ ಮಗಳು ಅದನ್ನು ಡಬ್ಬಿಗೆ ತುಂಬಿ, ಫೋಟೋ ತೆಗೆದು, ಅಂತರ್ಜಾಲದಲ್ಲಿ ಮಾರಲು ಹೊರಡುತ್ತಾಳೆ. ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿದ್ದಾಳೆ. ಮೊದಲ ದಿನವೇ ಮೂರು ಬೇಡಿಕೆಗಳು ಬರುತ್ತವೆ. ಒಂದು ಹುಬ್ಬಳ್ಳಿಯಿಂದ, ಇನ್ನೊಂದು ಮೈಸೂರಿನಿಂದ, ಮೂರನೆಯದು ಪುಣೆಯಿಂದ. ಮನೆಯವರಿಗೆಲ್ಲ ಸಂತೋಷ.

ಆದರೆ ಡಬ್ಬಿಗಳು ಮನೆಯಿಂದ ಹೊರಡುವ ಮುನ್ನ ಕಾನೂನು ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಈ ಮಾರಾಟದ ತೆರಿಗೆ ಎಷ್ಟು, ಅದು ಯಾರಿಗೆ ಸೇರಬೇಕು? ಕೊಂಡವರು ನಂಬಿ ಕೊಟ್ಟ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ನೀನು ಏನು ಮಾಡುವೆ? ಮೊದಲನೆಯದು ಹಣದ ಲೆಕ್ಕ, ಎರಡನೆಯದು ನಂಬಿಕೆಯ ಲೆಕ್ಕ. ಎರಡನ್ನೂ ಒಂದೊಂದಾಗಿ ನೋಡೋಣ.

ರಾಜ್ಯದ ಗಡಿ ದಾಟಿದರೆ

ನಮ್ಮ ದೇಶದಲ್ಲಿ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಜಾರಿಗೆ ಬಂದದ್ದು 2017ರ ಜುಲೈ 1ರಂದು. ಕರ್ನಾಟಕದಲ್ಲಿ ಸರಕುಗಳನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಇಲ್ಲಿ ಒಂದು ಮಾತನ್ನು ಗಮನಿಸಿ. ವಹಿವಾಟು ಎಂದರೆ ಲಾಭವಲ್ಲ, ಮಾರಾಟದ ಒಟ್ಟು ಮೊತ್ತ. ಶೇಂಗಾ, ಡಬ್ಬಿ, ಅಂಚೆಯ ಖರ್ಚು ಕಳೆದು ಕೈಯಲ್ಲಿ ಉಳಿದದ್ದು ನಾಲ್ಕೇ ಲಕ್ಷವಾದರೂ ಲೆಕ್ಕಕ್ಕೆ ಬರುವುದು ಪೂರ್ತಿ ಮಾರಾಟ.

ಆದ್ದರಿಂದ ಸ್ವಂತ ಜಾಲತಾಣದ ಮೂಲಕ ಹುಬ್ಬಳ್ಳಿಗೂ ಮೈಸೂರಿಗೂ ಕಳಿಸುವಾಗ ನಮ್ಮ ಹುಡುಗಿ 40 ಲಕ್ಷದವರೆಗೆ ನಿಶ್ಚಿಂತೆಯಿಂದ ಇರಬಹುದು. ಪುಣೆಯ ಡಬ್ಬಿಯ ಕಥೆಯೇ ಬೇರೆ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ, ಕೆಲವು ಕರಕುಶಲ ವಸ್ತುಗಳಂಥ ವಿನಾಯಿತಿಗಳನ್ನು ಬಿಟ್ಟು, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. 40 ಲಕ್ಷದ ರಿಯಾಯಿತಿ ಅಲ್ಲಿ ಸಿಗುವುದಿಲ್ಲ.

ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದರ ಮೂಲಕ ಮಾರಿದರೆ? ಮೊದಲು ಅಂಥವರಿಗೆಲ್ಲ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ಸಡಿಲಿಕೆ ಸಿಕ್ಕಿದೆ. ಮಿತಿಯೊಳಗಿದ್ದು, ಒಂದೇ ರಾಜ್ಯದಲ್ಲಿ ಮಾರುವವರು ಪ್ಯಾನ್ ಸಂಖ್ಯೆ ಕೊಟ್ಟು ಜಿ.ಎಸ್.ಟಿ. ಜಾಲತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು.

ಬಿಲ್ಲಿನ ಗಣಿತ

ಹುಡುಗಿ ನೋಂದಣಿ ಮಾಡಿಸಿದಳು ಎನ್ನೋಣ. ಡಬ್ಬಿಯ ಬೆಲೆ 200 ರೂಪಾಯಿ, ತೆರಿಗೆ ಶೇಕಡಾ 5 ಎಂದು ಇಟ್ಟುಕೊಳ್ಳಿ. ತೆರಿಗೆ 10 ರೂಪಾಯಿ, ಬಿಲ್ಲು 210. ಡಬ್ಬಿ ಮೈಸೂರಿಗೆ ಹೋದರೆ ಈ ಹತ್ತರಲ್ಲಿ 5 ರೂಪಾಯಿ ಕೇಂದ್ರಕ್ಕೆ, 5 ರೂಪಾಯಿ ರಾಜ್ಯಕ್ಕೆ. ಪುಣೆಗೆ ಹೋದರೆ ಪೂರ್ತಿ 10 ರೂಪಾಯಿ ‘ಐ.ಜಿ.ಎಸ್.ಟಿ.’ ಎಂಬ ಹೆಸರಿನಲ್ಲಿ ಜಮೆಯಾಗುತ್ತದೆ. ಕೊಂಡವರು ಕೊಡುವ ಹಣ ಎರಡು ಕಡೆಯೂ ಒಂದೇ.

ಇನ್ನು ‘ತೆರಿಗೆ ಸೇರಿ 210’ ಎಂದು ಬರೆದಿದ್ದರೆ ತೆರಿಗೆ ಎಷ್ಟು? ಅನೇಕರು 210ರ ಶೇಕಡಾ 5 ಎಂದು 10 ರೂಪಾಯಿ 50 ಪೈಸೆ ಲೆಕ್ಕ ಹಾಕುತ್ತಾರೆ. ಅದು ತಪ್ಪು. 210ನ್ನು 105ರಿಂದ ಭಾಗಿಸಿ 5ರಿಂದ ಗುಣಿಸಬೇಕು. ಆಗ ಸರಿಯಾದ 10 ರೂಪಾಯಿ ಬರುತ್ತದೆ.

ಡಬ್ಬಿ, ಲೇಬಲ್ಲುಗಳನ್ನು ಕೊಳ್ಳುವಾಗ ಆಕೆ 4 ರೂಪಾಯಿ ತೆರಿಗೆ ಕೊಟ್ಟಿದ್ದು, ಅದಕ್ಕೆ ಸರಿಯಾದ ಬಿಲ್ಲು ಇದ್ದರೆ, ಸರ್ಕಾರಕ್ಕೆ ಕಟ್ಟಬೇಕಾದದ್ದು ಉಳಿದ 6 ರೂಪಾಯಿ ಮಾತ್ರ. ತೆರಿಗೆಯ ಮೇಲೆ ತೆರಿಗೆ ಬೀಳದಿರಲಿ ಎಂಬುದೇ ಇದರ ಉದ್ದೇಶ. ನೋಂದಣಿ ಇಲ್ಲದವರು ಮಾತ್ರ ಬಿಲ್ಲಿನಲ್ಲಿ ಜಿ.ಎಸ್.ಟಿ. ಎಂದು ಬರೆದು ಹಣ ವಸೂಲು ಮಾಡುವಂತಿಲ್ಲ.

ಬಿಲ್ಲು ಇಲ್ಲದಿದ್ದರೆ

ಇದೆಲ್ಲ ಬರೀ ಕಾಗದದ ಕೆಲಸವೆಂದು ನಿಮಗೆ ಅನ್ನಿಸಬಹುದು. 2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಯು.ಪಿ.ಐ. ಪಾವತಿಗಳ ವಿವರಗಳನ್ನು ಆಧರಿಸಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಿದ ಸುದ್ದಿ ಎಲ್ಲೆಡೆ ಹರಡಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕ ಕಾಣಿಸಿತು.

ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಅದನ್ನಷ್ಟೇ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಆದರೆ ಬ್ಯಾಂಕಿಗೆ ಬಂದ ಹಣ ‘ನಾನು ಬದನೆಕಾಯಿಯ ಹಣ’ ಎಂದು ತಾನಾಗಿ ಹೇಳುವುದಿಲ್ಲ. ಹೇಳಬೇಕಾದದ್ದು ಬಿಲ್ಲು ಮತ್ತು ಲೆಕ್ಕದ ಪುಸ್ತಕ. ಅಂತರ್ಜಾಲದ ಅಂಗಡಿಯಲ್ಲಿ ಪ್ರತಿ ಪಾವತಿಗೂ ಗುರುತು ಉಳಿಯುವುದರಿಂದ ಲೆಕ್ಕ ಬರೆದಿಡುವುದು ಅಲ್ಲಿ ಇನ್ನೂ ಅಗತ್ಯ.

ವಿಳಾಸ ಯಾರದು?

ಈಗ ಎರಡನೆಯ ಪ್ರಶ್ನೆ. ಇದರ ಹಿಂದೆ ಕನ್ನಡ ನಾಡಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಬಳಿಕ ಬಂದದ್ದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದಾಗ, ಮುಖ್ಯ ಹೊಣೆಗಳಿಗೆ ಸಿದ್ಧವಾಗಲು 18 ತಿಂಗಳ ಕಾಲಾವಕಾಶ ಕೊಡಲಾಯಿತು.

ಕಾಯ್ದೆಯ ತಿರುಳು ಸರಳ. ಯಾವ ಕೆಲಸಕ್ಕೆಂದು ಮಾಹಿತಿ ಪಡೆದಿರೋ ಆ ಕೆಲಸಕ್ಕೆ ಮಾತ್ರ ಬಳಸಿ. ಡಬ್ಬಿ ತಲುಪಿಸಲು ಕೊಟ್ಟ ದೂರವಾಣಿ ಸಂಖ್ಯೆಗೆ ದೀಪಾವಳಿಯ ಜಾಹೀರಾತು ಕಳಿಸಬೇಕಾದರೆ ಬೇರೆಯಾಗಿ ಒಪ್ಪಿಗೆ ಕೇಳಬೇಕು. ಒಪ್ಪಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿಟ್ಟು ‘ನೀವೇ ಒಪ್ಪಿದ್ದೀರಿ’ ಎನ್ನುವಂತಿಲ್ಲ. 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳೂ ಇದನ್ನೇ ಹೇಳುತ್ತವೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಒಪ್ಪಿಗೆ ಕೇಳುವ ಬರಹವನ್ನು ಕನ್ನಡದಲ್ಲಿ ಓದುವ ಅವಕಾಶ ಗ್ರಾಹಕರಿಗೆ ಇರಬೇಕು. ಮಾಹಿತಿ ಸೋರಿಹೋದರೆ ಅದನ್ನು ಸಂಬಂಧಪಟ್ಟವರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು. ಕಾಪಾಡುವುದರಲ್ಲಿ ತಪ್ಪಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ನಿಮಗೆ ಸಂಬಂಧಿಸಿದ ಮಾತೂ ಇದರಲ್ಲಿದೆ. 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕು. ಅಂಥವರ ಬೆನ್ನು ಹತ್ತಿ, ಏನು ನೋಡುತ್ತಾರೆಂದು ಗಮನಿಸಿ ಜಾಹೀರಾತು ಗುರಿಯಿಡುವುದಕ್ಕೆ ನಿಷೇಧವಿದೆ.

ಇಡಬೇಕೇ, ಅಳಿಸಬೇಕೇ?

ಇಲ್ಲಿ ಒಂದು ತೊಡಕು ಕಾಣುತ್ತದೆ. ತೆರಿಗೆ ಕಾನೂನು ‘ಲೆಕ್ಕವನ್ನು ಇಟ್ಟುಕೋ’ ಎನ್ನುತ್ತದೆ. ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳು ಇರಬೇಕು. ಖಾಸಗಿತನದ ಕಾನೂನು ‘ಕೆಲಸ ಮುಗಿದ ಮೇಲೆ ಅಳಿಸು’ ಎನ್ನುತ್ತದೆ. ಹುಡುಗಿ ಯಾರ ಮಾತು ಕೇಳಬೇಕು?

ಎರಡರದನ್ನೂ ಕೇಳಬಹುದು. ಬೇರೆ ಕಾನೂನು ಇಡಲು ಹೇಳಿದ್ದನ್ನು ಇಡಲು ಹೊಸ ಕಾಯ್ದೆಯೇ ಅವಕಾಶ ಕೊಡುತ್ತದೆ. ಹಾಗಾದರೆ ತೆರಿಗೆಗೆ ನಿಜವಾಗಿ ಬೇಕಾದದ್ದು ಏನು? ನೋಂದಣಿ ಇಲ್ಲದ ಸಾಮಾನ್ಯ ಗ್ರಾಹಕರಿಗೆ ಸರಕು ಮಾರಿದಾಗ, ತೆರಿಗೆ ಯಾವ ರಾಜ್ಯಕ್ಕೆ ಎಂದು ತೀರ್ಮಾನಿಸಲು ಬಿಲ್ಲಿನಲ್ಲಿ ಅವರ ರಾಜ್ಯದ ಹೆಸರಿದ್ದರೂ ಸಾಕು. ಬಿಲ್ಲು 50,000 ರೂಪಾಯಿಗಿಂತ ಕಡಿಮೆಯಿದ್ದರೆ, ಗ್ರಾಹಕರೇ ಕೇಳದ ಹೊರತು, ಹೆಸರು ಮತ್ತು ಪೂರ್ಣ ವಿಳಾಸ ಬರೆಯುವ ಕಡ್ಡಾಯವಿಲ್ಲ. ಮನೆಯ ಸಂಖ್ಯೆ, ಬೀದಿ, ದೂರವಾಣಿ ಬೇಕಾದದ್ದು ಡಬ್ಬಿ ತಲುಪಿಸುವವನಿಗೆ, ತೆರಿಗೆ ಅಧಿಕಾರಿಗಲ್ಲ. ಹುಟ್ಟಿದ ದಿನಾಂಕವಂತೂ ಚಟ್ನಿಪುಡಿಗೆ ಬೇಕೇ ಇಲ್ಲ. ಆದ್ದರಿಂದ ಬಿಲ್ಲುಗಳನ್ನು ಒಂದು ಕಡೆ ಭದ್ರವಾಗಿ ಇಡುವುದು, ತಲುಪಿಸುವ ವಿವರಗಳನ್ನು ಬೇರೆ ಇಟ್ಟು ಕೆಲಸ ಮುಗಿದ ಮೇಲೆ ಅಳಿಸುವುದು, ಬೇಡದ್ದನ್ನು ಕೇಳದೆಯೇ ಇರುವುದು ಸರಿಯಾದ ದಾರಿ. ಪಡೆಯದ ಮಾಹಿತಿ ಎಂದೂ ಸೋರುವುದಿಲ್ಲ.

ಮನೆಯಲ್ಲಿ ಮಾಡಿ ನೋಡಿ: ನಿಮ್ಮ ಮನೆಗೆ ಬಂದ ಯಾವುದಾದರೂ ಆನ್‌ಲೈನ್ ಬಿಲ್ಲನ್ನು ತೆಗೆದುಕೊಳ್ಳಿ. ಅದರಲ್ಲಿ ತೆರಿಗೆ ಎರಡು ಪಾಲಾಗಿದೆಯೋ, ಒಂದೇ ಆಗಿದೆಯೋ ನೋಡಿ. ಸರಕು ಯಾವ ರಾಜ್ಯದಿಂದ ಬಂದಿದೆ ಎಂಬುದಕ್ಕೆ ಅದು ತಾಳೆಯಾಗುತ್ತದೆಯೇ ಪರೀಕ್ಷಿಸಿ. ಬಳಿಕ ಆ ಅಂಗಡಿ ನಿಮ್ಮಿಂದ ಕೇಳಿದ ವಿವರಗಳನ್ನೆಲ್ಲ ಪಟ್ಟಿ ಮಾಡಿ, ಯಾವುದು ಏಕೆ ಬೇಕಾಗಿತ್ತು ಎಂದು ಎದುರಿಗೆ ಬರೆಯಿರಿ. ಯಾವ ವಿವರದ ಎದುರು ಬರೆಯಲು ಏನೂ ಸಿಗುವುದಿಲ್ಲವೋ, ಅದನ್ನು ಮುಂದಿನ ಸಲ ಕೊಡುವ ಮುನ್ನ ‘ಏಕೆ?’ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.