ಗಣಕಯಂತ್ರ ಮತ್ತು ಕರ್ತೃತ್ವ ನಿರ್ಣಯ

ಕೃತಿಯ ಕರ್ತೃ ಯಾರೆಂಬ ವಿವಾದವನ್ನು ಲೆಕ್ಕದಿಂದ ಬಿಡಿಸಬಹುದೆ? ಇದಕ್ಕೆ ಅಮೆರಿಕದಲ್ಲಿ ಒಂದು ಗಟ್ಟಿ ಉತ್ತರ ದೊರೆಯಿತು. ಅಲ್ಲಿಯ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ 'ಪಬ್ಲಿಯಸ್' ಎಂಬ ಒಂದೇ ಹೆಸರಿನಿಂದ 85 ಲೇಖನಗಳು ಪ್ರಕಟವಾದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು. ಇವುಗಳಲ್ಲಿ 12 ಲೇಖನಗಳು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ಸಂದೇಹ ಒಂದೂವರೆ ಶತಮಾನ ಕಳೆದರೂ ತೀರಲಿಲ್ಲ. ಇಬ್ಬರೂ ಪ್ರತಿಪಾದಿಸಿದ ಪಕ್ಷ ಒಂದೇ. ವಾಕ್ಯಗಳ ಉದ್ದವನ್ನು ಅಳೆದರೆ ಅದೂ ಇಬ್ಬರದು ಸರಾಸರಿ 34-35 ಪದ!

ಮಾಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಗಣಕಯಂತ್ರದ ನೆರವಿನಿಂದ ನಡೆಸಿದ ಪರಿಶೀಲನೆಯನ್ನು 1964ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಅವರು ಮುಖ್ಯವಾಗಿ ನೆಚ್ಚಿದ್ದು ಘನವಾದ ಪದಗಳನ್ನಲ್ಲ, ಯಾರೂ ಲಕ್ಷಿಸದ ಸಣ್ಣ ಪದಗಳನ್ನು. 'ಅಪಾನ್' ಎಂಬ ಇಂಗ್ಲಿಷ್ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು 3 ಬಾರಿ ಬಳಸುತ್ತಾನೆ. ಮ್ಯಾಡಿಸನ್ನನಲ್ಲಿ ಅದು ತೀರ ವಿರಳ. ಘನವಾದ ಪದಗಳು ವಿಷಯದೊಡನೆ ಬದಲಾಗುತ್ತವೆ, ಅನುಕರಣೆಗೂ ಸಿಗುತ್ತವೆ. ಸಣ್ಣ ಪದಗಳಾದರೋ ನಡೆಯುವವನ ಹೆಜ್ಜೆಯಂತೆ ತಾವಾಗಿ ಬೀಳುತ್ತವೆ. ಇಂಥ ಹಲವು ಪದಗಳ ಸಾಕ್ಷ್ಯವನ್ನು ಕೂಡಿಸಿ ನೋಡಲಾಗಿ 12 ಲೇಖನಗಳೂ ಮ್ಯಾಡಿಸನ್ನನ ಕಡೆಗೇ ವಾಲಿದವು.

ವಚನ ವಾಙ್ಮಯಕ್ಕೆ ಈ ಕ್ರಮ ಒದಗೀತೆ? ಒಂದೇ ವಚನ ಬೇರೆ ಬೇರೆ ಕಟ್ಟುಗಳಲ್ಲಿ ಬೇರೆ ಬೇರೆ ಅಂಕಿತಗಳೊಡನೆ ದೊರೆಯುವುದುಂಟು. ಶರಣರ ಅಂಕಿತದಲ್ಲಿ ಪ್ರಕ್ಷಿಪ್ತಗಳು ಸೇರಿರುವುದೂ ಉಂಟು. ಆದುದರಿಂದ ಆಸೆ ಸಹಜವೇ. ಆದರೆ ಸಾವಿರಕ್ಕೆ 3 ಬಾರಿ ಬರುವ ಪದವನ್ನು 40 ಪದಗಳ ವಚನವೊಂದರಲ್ಲಿ ಹುಡುಕಿ ಫಲವೇನು? ಬಿಡಿ ವಚನದ ಮೇಲೆ ತೀರ್ಪು ಸಲ್ಲದು; ವಚನಗಳ ಗುಂಪನ್ನು ಕುರಿತು ಮಾತ್ರ ಏನಾದರೂ ಹೇಳಬಹುದು. ಮೇಲಾಗಿ ಕನ್ನಡದಲ್ಲಿ ಇಂಗ್ಲಿಷಿನ ಸಣ್ಣ ಪದಗಳ ಕೆಲಸವನ್ನು ಬಹುಮಟ್ಟಿಗೆ ಪ್ರತ್ಯಯಗಳೇ ಮಾಡುತ್ತವೆ. 'ಊ', 'ಏ', 'ಓ'ಗಳು ಪದದ ಬೆನ್ನಿಗೆ ಅಂಟಿರುವುದರಿಂದ ಮೊದಲು ಸಂಧಿ ಬಿಡಿಸಬೇಕು. ವ್ಯಾಕರಣ ಬಲ್ಲವರಿಲ್ಲದೆ ಯಂತ್ರ ಅಲ್ಲಿ ಎಡವುತ್ತದೆ. ಎಲ್ಲಕ್ಕೂ ಬಿಗಿಯಾದ ಗಂಟು ಲಿಪಿಕಾರನದು. ಓಲೆಗರಿಗಳು ಕೈಯಿಂದ ಕೈಗೆ ಪ್ರತಿಯಾಗುತ್ತ ಬಂದಿವೆ. ಪ್ರತಿಕಾರನು ತನ್ನ ಕಾಲದ ರೂಪಗಳನ್ನು ತಿಳಿಯದೆಯೇ ಸೇರಿಸಿರುತ್ತಾನೆ. ಶರಣರ ಶೈಲಿಯನ್ನು ಅಳೆದೆವೆಂದುಕೊಂಡು ಲಿಪಿಕಾರನ ಶೈಲಿಯನ್ನು ಅಳೆದಂತಾದೀತು.

ಪ್ರಯೋಗಕ್ಕೆ ತಕ್ಕ ಸ್ಥಳ ಬಹುಶಃ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ, ಈ ನಾಲ್ವರ ಪರಿಷ್ಕರಣಗಳಲ್ಲಿ ವಚನಗಳ ನಡುವೆ ಸಂಪಾದಕರ ಜೋಡಣೆಯ ಗದ್ಯವಿದೆ. ಮೊದಲು ಆ ಗದ್ಯವನ್ನೇ ಎಣಿಸಿ, ಯಾವುದು ಯಾರದೆಂದು ಗಣಕಯಂತ್ರವು ಸರಿಯಾಗಿ ಗುರುತಿಸುವುದೋ ಎಂದು ನೋಡಬೇಕು. ಉತ್ತರ ಮೊದಲೇ ಗೊತ್ತಿರುವ ಈ ಪರೀಕ್ಷೆಯಲ್ಲಿ ಅದು ತೇರ್ಗಡೆಯಾದ ಬಳಿಕ ಸಂದಿಗ್ಧ ವಚನಗಳನ್ನು ಅದರ ಮುಂದಿಡಬಹುದು.