ಕತ್ತಲೆಕಾನಿನ ಕುಂಬಾರ

ಕಪ್ಪೆ ಮಣ್ಣು ಮೆತ್ತುತ್ತದೆ ಎಂದರೆ ನಂಬುತ್ತೀರಾ? ಅದೂ ಹಿಂಗಾಲ ಮೇಲೆ ಎದ್ದು ನಿಂತು! ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ, ಮಳೆಗಾಲದ ರಾತ್ರಿ, ಹಳ್ಳದ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲಿನದೆಲ್ಲ ಗಂಡಿನ ಕೆಲಸ. ಹಳ್ಳದಂಚಿನ ಕೆಸರನ್ನು ಮುಂಗಾಲಲ್ಲಿ ಬಾಚಿ ತರುತ್ತದೆ, ಮೊಟ್ಟೆಗಳಿಗೆ ಬಳಿಯುತ್ತದೆ, ಮತ್ತೆ ಬಾಚುತ್ತದೆ, ಮತ್ತೆ ಬಳಿಯುತ್ತದೆ. ಮೊಟ್ಟೆ ಒಣಗದಿರಲೆಂದೋ, ಕಳ್ಳರ ಕಣ್ಣಿಗೆ ಬೀಳದಿರಲೆಂದೋ! ವಿಜ್ಞಾನ ಇದಕ್ಕೆ ಹೆಸರಿಟ್ಟದ್ದು 2014ರಲ್ಲಿ: ನಿಕ್ಟಿಬ್ಯಾಟ್ರಾಕಸ್ ಕುಂಬಾರ. ನಮ್ಮ ಊರಿನ ಕುಂಬಾರನೇ ಲ್ಯಾಟಿನ್ ಹೆಸರಿನ ಪಕ್ಕ ಬಂದು ಕೂತುಬಿಟ್ಟಿದ್ದಾನೆ.

ಈ ಕುಶಲಕರ್ಮಿಗೆ ತಕ್ಕ ಕಾರ್ಖಾನೆ ನೋಡಿ! ಅರಬ್ಬಿ ಸಮುದ್ರದಿಂದ ಬಂದ ಮುಂಗಾರು ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದ ನೀರನ್ನೆಲ್ಲ ಇಲ್ಲೇ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುರಿದದ್ದೇ ಸುರಿದದ್ದು. ಹೊರಗೆ ಮಳೆ ನಿಂತರೂ ಕಾನಿನೊಳಗೆ ನಿಲ್ಲದು, ಎಲೆಯಿಂದೆಲೆಗೆ ಹನಿಯುತ್ತಲೇ ಇರುತ್ತದೆ. ನಿಜವಾದ ಬೆರಗು ಇರುವುದು ಬೇಸಿಗೆಯಲ್ಲಿ. ಆಕಾಶ ತಿಂಗಳುಗಟ್ಟಲೆ ಬರಿದಾಗಿದ್ದರೂ ರಾಮಪತ್ರೆ ಮರಗಳ ಜೌಗು ನೆಲವಾದ ಜಡ್ಡಿಯ ಹಳ್ಳ ಮಾತ್ರ ಹರಿಯುತ್ತಲೇ ಇರುತ್ತದೆ! ಮಳೆಗಾಲದ ನೀರನ್ನು ಕಾಡು ಅವಿತಿಟ್ಟುಕೊಂಡು, ಜಿನುಗು ಜಿನುಗಾಗಿ ಬಿಡುತ್ತದೆ.

ಜಡ್ಡಿಯ ನೆಲಕ್ಕೆ ಕಾಲಿಟ್ಟರೆ ಎಡವುವುದು ಖಂಡಿತ. ಕೆಸರಿನಿಂದ ಮಡಚಿದ ಮೊಣಕಾಲಿನಂತೆ ಬೇರುಗಳು ಮೇಲೆದ್ದಿವೆ, ಒಂದೆರಡಲ್ಲ, ನೆಲದ ತುಂಬ! ಸದಾ ನೀರು ಕುಡಿದ ಮಣ್ಣಿನಲ್ಲಿ ಗಾಳಿಯಿಲ್ಲ, ಹಾಗಾಗಿ ಉಸಿರಾಡಲು ಮರವೇ ಬೇರನ್ನು ಹೊರಗೆ ಚಾಚುತ್ತದೆ. ಪಕ್ಕದ ಇನ್ನೊಂದು ಜಾತಿ ಕಾಂಡದಿಂದಲೇ ಊರುಗಾಲು ಇಳಿಬಿಟ್ಟು ಕೆಸರಲ್ಲಿ ನಿಂತಿದೆ. (ಬೇರು ನೋಡುತ್ತ ಮೈಮರೆತರೆ ಇಂಬಳ ಕಾಲಿಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ.) ತಲೆಯೆತ್ತಿದರೆ ಸಿಂಗಳೀಕ! ಪ್ರಪಂಚದಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಕಾಡುಮನೆಯಿಲ್ಲದ ಪ್ರಾಣಿ. ಅದರಾಚೆ ಮಂಗಟ್ಟೆಯ ರೆಕ್ಕೆ ಸದ್ದು. ಅದು ರಾಮಪತ್ರೆಯ ಕಾಯಿ ಬಿರಿಯುವುದನ್ನೇ ಕಾದಿದ್ದು, ಕೆಂಪು ಪತ್ರೆ ಸಮೇತ ಬೀಜ ನುಂಗಿ, ಎಲ್ಲೋ ದೂರದಲ್ಲಿ ಬರೀ ಬೀಜವನ್ನು ಕಕ್ಕುತ್ತದೆ. ಅಷ್ಟು ದಪ್ಪ ಬೀಜವನ್ನು ಹೊತ್ತೊಯ್ಯುವ ಗಂಟಲು ಇಲ್ಲಿ ಇನ್ನೆಷ್ಟು ಹಕ್ಕಿಗಿದೆ?

ಕಪ್ಪೆ ಬಿಡಿ, ಅದು ಸಣ್ಣದು, ರಾತ್ರಿಯ ಜೀವಿ, ಕಣ್ಣಿಗೆ ಬೀಳದೆ ಉಳಿದದ್ದು ಸಹಜ. ಮರಕ್ಕೇನು ಹೇಳೋಣ? ಹೊನ್ನಾವರದಿಂದ ಘಟ್ಟ ಹತ್ತುವ ಹೆದ್ದಾರಿಯ ಬಸ್ಸು ಲಾರಿಗಳು ಈ ಕಾನನ್ನು ಸವರಿಕೊಂಡೇ ಓಡುತ್ತಿದ್ದವು. ಆದರೂ ಇಲ್ಲಿನ ಜಡ್ಡಿಯಲ್ಲಿ ಮುಗಿಲಿಗೆ ಬೆಳೆದಿದ್ದ, ಕಾಡುಗೇರಿನ ಬಳಗದ ಒಂದು ಹೆಮ್ಮರ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ! ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕಾನಿನ ಹೆಸರನ್ನೇ ಹೊತ್ತ ಈ ಮರ ಎಣಿಸುವಷ್ಟೇ ಉಳಿದಿದೆ.